ಉತ್ತರಕ್ಕೆ ಕಟ್ಟಿಸಿದ ಬಿಸಿಲುಕೋಣೆ

ಭಾನುವಾರ, ಬೆಳಗ್ಗೆ

ಪ್ರೀತಿಯ ಪಾಪುಗೆ ಅಮ್ಮನ ಆಶೀರ್ವಾದಗಳು.

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿನ್ನ ಎದೆ ಧಸಕ್ಕೆಂದಿರಬೇಕು. ಗಾಬರಿಯಾಗಬೇಡ, ನಾನು ಗಟ್ಟಿಯಾಗಿದ್ದೇನೆ. ಬಲಗೈ ಮಣಿಕಟ್ಟು ಉಳುಕಿದೆ, ಅಷ್ಟೇ. ಅದಕ್ಕೇ ನಾನು ಹೇಳುತ್ತಿದ್ದೇನೆ, ನಿಮ್ಮಪ್ಪ ಬರೆಯುತ್ತಿದ್ದಾರೆ. ಒಂದು ಮಾತು ಸೇರಿಸುವ ಹಾಗಿಲ್ಲ, ಒಂದು ಮಾತು ಬಿಡುವ ಹಾಗಿಲ್ಲ ಎಂದು ಮೊದಲೇ ಕರಾರು ಮಾಡಿಕೊಂಡಿದ್ದೇನೆ. ನಾನು ಬಾಯಿಗೆ ಬಂದ ಹಾಗೆ ಹೇಳುವುದನ್ನು ಇವರು ಪುಸ್ತಕದ ಭಾಷೆಗೆ ತಿರುಗಿಸುತ್ತಿದ್ದಾರೆ ಎಂದು ಅನುಮಾನ. ಹೋಗಲಿ, ಅಷ್ಟಕ್ಕೆ ಮಾಫಿ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ನೀನು ಫೋನ್ ಮಾಡುವುದೇ ಇವರು ವಾಕಿಂಗ್ ಹೋದಾಗ. ಅಪ್ಪ-ಮಗಳು ಸೇರಿ ನಡೆಸುತ್ತಿದ್ದ ಫೋಟೋ ಸ್ಟುಡಿಯೋವನ್ನು ನಿನ್ನನ್ನು ಒಂದು ಮಾತೂ ಕೇಳದೆ ಮುಚ್ಚಿ, ಕೀಲಿಯನ್ನು ಜೆರಾಕ್ಸ್ ಅಂಗಡಿಯವನ ಕೈಗಿಟ್ಟರಲ್ಲ, ಅವತ್ತು ಸಂಜೆ ಚೀಲ ಹೆಗಲಿಗೇರಿಸಿ ಬೇರೆ ಊರಿಗೆ ಹೋದವಳು ನೀನು. ಆಮೇಲೆ ಇವರೂ ಕರೆಯಲಿಲ್ಲ, ನೀನೂ ಬರಲಿಲ್ಲ. ಅಪ್ಪನಿಗೆ ತಕ್ಕ ಮಗಳು! ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳು ನಾನು. ಇವರ ಕೈಯಿಂದಲೇ ನಿನಗೊಂದು ಕಾಗದ ಬರೆಸಬೇಕು ಎಂಬ ಹಟ ನನಗೆ. ವಿಳಾಸ ಹೇಳಲು ಬಾಯಿ ತೆರೆಯುವ ಮೊದಲೇ ಪೆನ್ನು ಓಡಿದ ಸದ್ದು ಕೇಳಿಸಿತು. ಮನೆ ನಂಬರಿನ ಸಮೇತ ಯಾವಾಗ ಬಾಯಿಪಾಠ ಮಾಡಿದ್ದರೋ ಮಹಾರಾಯರು.

ಈಗ ವಿಷಯಕ್ಕೆ ಬರುತ್ತೇನೆ. ಮನೆಗೆ ಒಂದು ಬಿಸಿಲುಕೋಣೆ ಮಾಡಿಸಿದ್ದೇವೆ. ಈಚೆಗೆ ಒಳಗೆ ಕೂತರೆ ನನಗೆ ಚಳಿ. ಮೂರು ಕಡೆ ಗಾಜಿರಬೇಕು, ಬೆಳಗ್ಗೆ ಹೋಗಿ ಕೂತರೆ ಮೈತುಂಬ ಬಿಸಿಲು ಬೀಳಬೇಕು ಎಂದೆ. ಇವರು ಮರುಮಾತಿಲ್ಲದೆ ಒಪ್ಪಿಬಿಟ್ಟರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಮೇಸ್ತ್ರಿಯನ್ನು ಕರೆಸಿ ಬಚ್ಚಲುಮನೆಯ ಪಕ್ಕಕ್ಕೆ ಕೆಲಸ ಶುರು ಮಾಡಿಸಿದರು. ಆ ಕಡೆಗೆ ಯಾಕೆ ಎಂದು ಕೇಳಿದ್ದಕ್ಕೆ, ಬೆಳಕಿನ ವಿಷಯ ನನಗೆ ಬಿಡು ಎಂದರು. ಜೀವಮಾನವಿಡೀ ಫೋಟೋ ತೆಗೆದವರ ಹತ್ತಿರ ಬೆಳಕಿನ ಬಗ್ಗೆ ವಾದ ಮಾಡಲು ನಾನು ಯಾರು?

ಎಲ್ಲ ಮುಗಿದ ಮೇಲೆ ಕೈ ಹಿಡಿದು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಮದುವೆಯ ದಿನವೂ ನನ್ನ ಕೈಯನ್ನು ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ. ಕೂತೆ, ಕೂತೇ ಇದ್ದೆ. ಪಾದ ಬೆಚ್ಚಗಾಗಲೇ ಇಲ್ಲ. ಬಿಸಿಲೆಲ್ಲಿ ಎಂದೆ. ಎಂಥಾ ಬೆಳಕು ನೋಡೇ, ಮುಖದ ಮೇಲೆ ಒಂದು ನೆರಳಿಲ್ಲ ಎಂದರು. ಈ ವಯಸ್ಸಲ್ಲಿ ನನ್ನ ಫೋಟೋ ತೆಗೀತೀರಾ ಎಂದು ಕೇಳಿದೆ. ಮೇಸ್ತ್ರಿ ನಗು ತಡೆಯಲಾರದೆ ಕೆಮ್ಮಿದ.

ಉತ್ತರಕ್ಕೆ ಮುಖ ಮಾಡಿ ಕಟ್ಟಿಸಿದ್ದರು ಪಾಪು! ಸ್ಟುಡಿಯೋದ ದೊಡ್ಡ ಕಿಟಕಿ ಉತ್ತರಕ್ಕೇ ಇತ್ತಲ್ಲ, ನೇರ ಬಿಸಿಲು ಬಿದ್ದರೆ ಫೋಟೋದಲ್ಲಿ ಕಣ್ಣ ಕೆಳಗೆ ಕಪ್ಪಾಗುತ್ತದೆ ಎಂದು. ಅದೇ ಲೆಕ್ಕ ಇಲ್ಲಿಗೂ. ಬಿಸಿಲೇ ಬಾರದ ಬಿಸಿಲುಕೋಣೆ! ಇವರನ್ನು ಬಿಟ್ಟರೆ ಇಂಥ ಕೆಲಸ ಮಾಡುವವರು ಭೂಮಿಯ ಮೇಲೆ ಇನ್ನೊಬ್ಬರು ಸಿಕ್ಕಲಾರರು. ಇದನ್ನೂ ಬರೆಯಿರಿ ಎಂದಿದ್ದೇನೆ.

ಇವರು ಒಂದೆರಡು ದಿನ ಮಂಕಾಗಿ ಓಡಾಡಿದರು. ಆಮೇಲೆ ತಾವಾಗಿಯೇ ಪಾಪು ಕೋಣೆ ಗೋಡೆ ಒಡೀಬೇಕು, ಪೂರ್ವಕ್ಕಿರೋದು ಅದೊಂದೇ ಎಂದರು. ಅವಳ ಕೋಣೆ, ಅವಳನ್ನು ಕೇಳದೆ ಮುಟ್ಟಬೇಡಿ ಎಂದೆ. ಹೇಗೆ ಕೇಳಲಿ ಎಂದರು. ಕೊನೆಗೆ ಆ ಗೋಡೆ ಒಡೆಸಿ, ಗಾಜು ಹಾಕಿಸಿ, ನಿನ್ನ ಕೋಣೆಯನ್ನೇ ಬಿಸಿಲುಕೋಣೆ ಮಾಡಿಸಿದೆವು. ಈಗಲಾದರೂ ಕೇಳಿದ ಹಾಗಾಯಿತು, ಬೈಯಬೇಡ.

ನೀನು ಫೋಟೋ ತೊಳೆಯಲು ಕಲಿಯುವಾಗ ಬೆಳಕು ಒಳಗೆ ಬರಬಾರದೆಂದು ಅಪ್ಪ-ಮಗಳು ಸೇರಿ ನಿನ್ನ ಕಿಟಕಿಯ ಗಾಜಿಗೆಲ್ಲ ಕಪ್ಪು ಬಣ್ಣ ಬಳಿದಿದ್ದಿರಲ್ಲ, ಆ ಕಿಟಕಿಯನ್ನು ಮೇಸ್ತ್ರಿ ಕಿತ್ತು ಎಸೆಯಲು ಹೊರಟ. ಇವರು ಅಡ್ಡ ಬಂದರು. ಒಂದು ಗಾಜನ್ನು ಹೊಸ ಕೋಣೆಯ ಕೆಳಗಿನ ಮೂಲೆಯಲ್ಲಿ ಕೂರಿಸಿದ್ದಾರೆ. ಎಲ್ಲ ಕಡೆ ಬಿಸಿಲು ಬಿದ್ದರೂ ಅಲ್ಲೊಂದು ಚೌಕ ಮಾತ್ರ ನನ್ನ ಪಾದಕ್ಕೆ ತಣ್ಣಗೆ. ಬಗ್ಗಿ ಮುಟ್ಟಿದರೆ ಬಣ್ಣದಲ್ಲಿ ನಿನ್ನ ಬೆರಳಿನ ಗೆರೆಗಳು ಸಿಗುತ್ತವೆ. ದಿನಕ್ಕೊಂದು ಸಲ ಮುಟ್ಟುತ್ತೇನೆ.

ಬೆತ್ತದ ಕುರ್ಚಿ ಮೂರು. ಇರುವವರು ಇಬ್ಬರು, ಮೂರನೆಯದು ಯಾರಿಗೆ ಎಂದರೆ, ಯಾರಾದರೂ ಬಂದರೆ ಬೇಕಲ್ಲ ಎಂದರು. ನಮ್ಮ ಮನೆಗೆ ಯಾರು ಬರುತ್ತಾರೆ, ಹಾಲಿನವನೇ? ಕಾಲಡಿಗೆ ನಾರಿನ ಚಾಪೆ, ಮೂಲೆಯಲ್ಲಿ ಮಲ್ಲಿಗೆ ಕುಂಡ. ಪರದೆ ಹಳದಿ, ನೀನು ಶಾಲೆಗೆ ಹೋಗುವಾಗ ಹಟ ಮಾಡಿ ಹೊಲಿಸಿಕೊಂಡ ಫ್ರಾಕಿನ ಬಣ್ಣ. ಇಲ್ಲಿ ಪೆನ್ನು ಯಾಕೋ ಸ್ವಲ್ಪ ಹೊತ್ತು ನಿಂತಿತು. ಬರೆಯಿರಿ ಎಂದೆ, ಬರೆದರು.

ಒಮ್ಮೆ ಬಂದು ಹೋಗು ಮಗಳೇ. ನನಗೋಸ್ಕರ ಬೇಡ, ನನಗೇನಾಗಿದೆ? ಈ ಮನುಷ್ಯನಿಗೋಸ್ಕರ ಬಾ. ಇದನ್ನು ಬರೆಯುವುದಿಲ್ಲ ಎಂದು ಕೂತಿದ್ದರು. ಕರಾರು ಕರಾರೇ ಎಂದು ಬರೆಸಿದೆ. ಬಾಯಿ ಬಿಟ್ಟು ಕೇಳುವವರಲ್ಲ ಇವರು. ನಾನು ಇರುವಾಗಲೇ ನೀವಿಬ್ಬರೂ ಎದುರುಬದುರು ಕೂತು ಜಗಳವಾದರೂ ಆಡಿ, ನಾನು ಕಿವಿತುಂಬ ಕೇಳುತ್ತೇನೆ.

ಊಟ ಹೊತ್ತುಹೊತ್ತಿಗೆ ಮಾಡು. ರುಜು ಮಾತ್ರ ನಾನೇ ಹಾಕುತ್ತೇನೆ, ಉಳುಕಿದರೆ ಉಳುಕಲಿ.

ಇಂತಿ ನಿನ್ನ
ಅಮ್ಮ

ಮರೆತಿದ್ದು: ಇಲ್ಲಿಂದ ಮುಂದಿನದು ನಿಮ್ಮಮ್ಮ ಹೇಳಿದ್ದಲ್ಲ. ಅವಳು ಬಿಸಿಲಿಗೆ ಹಾಗೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾಳೆ. ಮೇಲಿನದನ್ನೆಲ್ಲ ಅವಳಿಗೆ ಓದಿ ಹೇಳಿದ್ದೇನೆ, ಇದನ್ನು ಓದುವುದಿಲ್ಲ. ರುಜು ಗೆರೆ ಬಿಟ್ಟು ಕಾಗದದ ಅಂಚಿಗೆ ಜಾರಿರುವುದು ನೋಡಿರುತ್ತೀಯ. ಅವಳ ಕೈಗೆ ಏನೂ ಆಗಿಲ್ಲ ಪಾಪು. ಕಣ್ಣು ಹೋಗಿದೆ. ಡಾಕ್ಟರು ಕೈಚೆಲ್ಲಿದ್ದಾರೆ. ಮಗಳು ಕನಿಕರಕ್ಕೆ ಬರೋದು ಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಮುರಿಯುತ್ತಿದ್ದೇನೆ.

ಉತ್ತರದ ಆ ಕೋಣೆಗೆ ಪಾಯ ಹಾಕಿಸುವಾಗ ಅವಳಿಗೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ಉಳಿದಷ್ಟು ದಿನವಾದರೂ ಚೆನ್ನಾಗಿ ಕಾಣಲಿ ಎಂದು ನನಗೆ ಗೊತ್ತಿರುವ ಒಳ್ಳೆಯ ಬೆಳಕಿಗೆ ಕಟ್ಟಿಸಿದೆ. ಕೆಲಸ ಮುಗಿಯುವ ಹೊತ್ತಿಗೆ ಅದೂ ಹೋಗಿತ್ತು, ಅವಳು ನನಗೆ ಹೇಳಿರಲಿಲ್ಲ. ಅವತ್ತು ಅಷ್ಟು ಬೆಳಕಿನ ನಡುವೆ ಕೂತು ಬಿಸಿಲೆಲ್ಲಿ ಎಂದು ಕೇಳಿದಾಗಲೇ ನನಗೆ ತಿಳಿದದ್ದು.

ಪರದೆ ಹಳದಿಯಲ್ಲ. ಹಳದಿ ಸಿಗದೆ ಬೂದು ಬಣ್ಣದ್ದು ತಂದೆ. ಅವಳು ಸವರಿ ನೋಡಿ, ಹಳದಿ ತಾನೇ ಎಂದಳು. ಹೌದು ಎಂದುಬಿಟ್ಟೆ. ನೀನು ಬರುವಾಗ ಹಳದಿ ಬಟ್ಟೆ ತೆಗೆದುಕೊಂಡು ಬಾ. ಆ ಫ್ರಾಕಿನ ಬಣ್ಣ ನಿನಗೆ ನೆನಪಿರುತ್ತದೆ.

ದಿನಾ ಬೆಳಗ್ಗೆ ತಾನು ಕೂರುವ ಮೊದಲು ಆ ಮೂರನೇ ಕುರ್ಚಿಯನ್ನು ಕೈಯಿಂದ ತಡವಿ ನೋಡುತ್ತಾಳೆ, ಯಾರಾದರೂ ಬಂದು ಕೂತಿದ್ದಾರೋ ಎಂದು. ಇವತ್ತೂ ನೋಡಿದಳು.

ಬಾ.

ಅಪ್ಪ