ಬೂತಾಯಿಯ ತಪ್ಪಲ್ಲ

ಪಾಣೆಮಂಗಳೂರು
೧೪-೧೧-೨೦೨೪

ಪ್ರೀತಿಯ ಉಪ್ಪಾ,

ಅಸ್ಸಲಾಮು ಅಲೈಕುಂ. ಆರೋಗ್ಯ ಹೇಗುಂಟು? ಮಂಡಿ ನೋವಿಗೆ ಕಳಿಸಿದ ಎಣ್ಣೆ ಹಚ್ಚುತ್ತೀರಾ, ಇಲ್ಲ ಬಾಟಲಿ ಹಾಗೇ ಕಪಾಟಿನಲ್ಲಿ ಉಂಟಾ? ನಾವಿಲ್ಲಿ ಸೌಖ್ಯ. ದಿನಾ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆದಳು ಎಂದು ಗಾಬರಿಯಾಗಬೇಡಿ. ದಮ್ಮಾಮಿನ ನಿಮ್ಮ ರೂಮಿನಲ್ಲಿ ನಾಲ್ಕು ಜನ, ನೀವೋ ಫೋನನ್ನು ಸ್ಪೀಕರಿಗೆ ಹಾಕುವವರು. ಈ ವಿಷಯ ಅವರಿಗೆಲ್ಲ ಕೇಳಿದರೆ ನೀವು ಒಂದು ವಾರ ನನ್ನಲ್ಲಿ ಮಾತಾಡಲಿಕ್ಕಿಲ್ಲ. ಹಾಗಾಗಿ ಶನಿವಾರ ವಿಮಾನ ಹತ್ತುವ ಪಕ್ಕದ ಮನೆಯ ಇಮ್ತಿಯಾಝ್ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಮುಖ ಊದಿದ್ದು ಮೀನಿನಿಂದ ಅಲ್ಲ. ನನಗೆಷ್ಟು ಖುಷಿ ಗೊತ್ತಾ ಉಪ್ಪಾ. ಹಿಂದಿನ ಎರಡು ರಜೆಯಲ್ಲೂ ಒಂದೇ ಕಥೆ ಅಲ್ಲವಾ? ನೀವು ಬಂದಿಳಿದ ದಿನ ಉಮ್ಮ ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ ಮಾಡುವುದು, ಮರುದಿನ ನಿಮ್ಮ ಹಣೆ, ಕಿವಿ ಎಲ್ಲ ತುರಿಸಿ ಕಣ್ಣು ಮುಚ್ಚುವಷ್ಟು ಊದುವುದು. ದಮ್ಮಾಮಿನಲ್ಲಿ ಮೀನು ತಿಂದರೆ ಏನೂ ಆಗುವುದಿಲ್ಲ, ಹಾಗಾದರೆ ಇಲ್ಲಿಯ ಅಡುಗೆಯದ್ದೇ ದೋಷ ಎಂದು ನಿಮ್ಮ ತಂಗಿ ತೀರ್ಪು ಕೊಟ್ಟರು. ನೀವು ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದಿರಿ. ಉಮ್ಮ ಅದನ್ನು ಇವತ್ತಿಗೂ ಮರೆತಿಲ್ಲ. ಆಮೇಲೆ ನಮ್ಮ ಮನೆಗೆ ಬೂತಾಯಿ ಬಂದೇ ಇಲ್ಲ.

ಈಗ ಕೇಳಿ. ಮೂಡುಬಿದಿರೆ ಹಾಸ್ಟೆಲಿನ ನನ್ನ ಗೆಳತಿ ಸಾತ್ವಿಕಾ ತನ್ನ ಅಕ್ಕನ ಮದುವೆಗೆ ಕರಿ ಮೆಹಂದಿ ಹಾಕಿಸಿದ್ದಳು. ಹಿಂದೆ ಒಮ್ಮೆ ಹಾಕಿಸಿದಾಗ ಏನೂ ಆಗಿರಲಿಲ್ಲವಂತೆ. ಹಾಕಿದ ದಿನ ಚಂದ ಕಂಡಿತು. ಎರಡನೇ ದಿನ ಬಳ್ಳಿಯ ಚಿತ್ರ ಹೇಗಿತ್ತೋ ಹಾಗೇ ಗುಳ್ಳೆ ಎದ್ದಿತು, ಎಲೆ ಸಮೇತ. ಚರ್ಮದ ಡಾಕ್ಟರರ ಹತ್ತಿರ ಅವಳ ಜೊತೆ ನಾನೇ ಹೋದದ್ದು. ಮೆಹಂದಿ ಕಪ್ಪಾಗಲಿಕ್ಕೆ ಬೆರೆಸುವ ಒಂದು ರಾಸಾಯನಿಕ ಇದಕ್ಕೆ ಕಾರಣವಂತೆ. ಎಂಎಸ್ಸಿಯಲ್ಲಿ ನಾನು ಬಾಯಿಪಾಠ ಮಾಡಿದ್ದೆಲ್ಲ ಅವಳ ಕೈಮೇಲೆ ಕಂಡಿತು. ನಮ್ಮ ಚರ್ಮದೊಳಗೆ ಕಾವಲಿನ ಜೀವಕೋಶಗಳುಂಟು. ಮೊದಲ ಸಲ ಆ ರಾಸಾಯನಿಕ ಇಳಿದಾಗ ಅವು ಅದನ್ನು ಹಿಡಿದುಕೊಂಡು ಕುತ್ತಿಗೆಯ, ಕಂಕುಳಿನ ಗ್ರಂಥಿಗಳಿಗೆ ಹೋಗಿ ಅಲ್ಲಿಯ ಟಿ ಕೋಶಗಳಿಗೆ, ಅಂದರೆ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಗೆ, ತೋರಿಸುತ್ತವೆ. ಟಿ ಕೋಶಗಳು ಅದನ್ನು ಶತ್ರು ಎಂದು ತಪ್ಪು ತಿಳಿದು ನೆನಪಿಟ್ಟುಕೊಂಡು ಸಂಖ್ಯೆಯಲ್ಲಿ ಹೆಚ್ಚುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಮುಂದೆ ಅದೇ ವಸ್ತು ತಾಗಿದರೆ ಇವು ಚರ್ಮಕ್ಕೆ ಬಂದು, ಉಳಿದ ಕೋಶಗಳನ್ನೂ ಕರೆದು, ತುರಿಕೆ, ಊತ, ನೀರುಗುಳ್ಳೆ ಎಲ್ಲ ಎಬ್ಬಿಸುತ್ತವೆ. ಆದರೆ ಬಂದು ಸೇರಲಿಕ್ಕೆ ಒಂದೆರಡು ದಿನ ಬೇಕು. ಆ ಒಂದೆರಡು ದಿನವೇ ನಮ್ಮನ್ನೆಲ್ಲ ಮಂಗ ಮಾಡಿದ್ದು.

ಯಾಕೆಂದರೆ ಡಾಕ್ಟರು ಕೊನೆಗೆ ಇನ್ನೊಂದು ಮಾತು ಹೇಳಿದರು. ಸಾತ್ವಿಕಾ ಇನ್ನು ಕಪ್ಪು ಹೇರ್ ಡೈ ಮುಟ್ಟಬಾರದು, ಅದರಲ್ಲೂ ಇದೇ ಇರುವುದು ಎಂದು. ನಾನು ಅವಳ ಬ್ಯಾಗು ಹಿಡಿದು ಕೂತಲ್ಲಿಂದ ಎದ್ದು ನಿಂತೆ. ಉಪ್ಪಾ, ನೀವು ವಿಮಾನ ಹತ್ತುವ ಹಿಂದಿನ ದಿನ ಕೂದಲಿಗೆ, ಗಡ್ಡಕ್ಕೆ ಬಣ್ಣ ಹಚ್ಚುತ್ತೀರಿ. ನಮಗೆ ಗೊತ್ತಿಲ್ಲ ಅಂದುಕೊಂಡಿದ್ದೀರಿ, ನಿಮ್ಮ ಕಾಲರಿನ ಕಲೆ ಒಗೆಯುವುದು ಯಾರು? ಹಚ್ಚಿದ್ದು ಅಲ್ಲಿ, ಊದಿದ್ದು ಇಲ್ಲಿ, ನಡುವೆ ಸಿಕ್ಕಿಬಿದ್ದದ್ದು ಪಾಪದ ಬೂತಾಯಿ. ನಿಮ್ಮನ್ನು ನೋಡದೆ ಖಂಡಿತ ಹೇಳಲಿಕ್ಕಾಗುವುದಿಲ್ಲ ಎಂದರು ಡಾಕ್ಟರು, ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡುತ್ತಾರಂತೆ. ನನಗಂತೂ ಅನುಮಾನವೇ ಇಲ್ಲ. ಹಚ್ಚಿದಷ್ಟೂ ಜೋರಾಗಬಹುದಂತೆ, ಅದೇ ನನಗೆ ಹೆದರಿಕೆ. ಡಿಸೆಂಬರಿನಲ್ಲಿ ಬರುವಾಗ ದಯವಿಟ್ಟು ಹಚ್ಚಬೇಡಿ.

ರೂಮಿನವರಿಗೆಲ್ಲ ಸಲಾಂ ಹೇಳಿ. ನಿಮ್ಮ ದುಆದಲ್ಲಿ ನನ್ನ ಪರೀಕ್ಷೆಯೂ ಇರಲಿ.

ನಿಮ್ಮ ಮಗಳು,
ರಶೀನಾ

ಮರೆತದ್ದು: ಮಡಚುವಾಗ ಉಮ್ಮ ಬಂದರು, ಓದಿ ಹೇಳಿದೆ. ನನ್ನ ಅಡುಗೆಯಿಂದ ಆದದ್ದಲ್ಲ ಅಲ್ಲವಾ ಎಂದು ಮೂರು ಸಲ ಕೇಳಿ ಅತ್ತರು. ಆಮೇಲೆ ನಿಮಗೆ ಬರೆಯಲು ಹೇಳಿದ್ದು ಇದು: ನೀವು ಬರುವ ಮುಂಚಿನ ದಿನ ಅವರೂ ಗುಟ್ಟಿನಲ್ಲಿ ಬಣ್ಣ ಹಚ್ಚುತ್ತಿದ್ದರಂತೆ. ನನಗೇ ಗೊತ್ತಿರಲಿಲ್ಲ. ಈ ಸಲ ಅವರೂ ಹಚ್ಚುವುದಿಲ್ಲ. ಇಬ್ಬರೂ ಇದ್ದ ಹಾಗೇ ನೋಡುವ, ಅಂತ ಹೇಳು ಅಂದರು. ಇಮ್ತಿಯಾಝ್ ಪೆಟ್ಟಿಗೆ ಕಟ್ಟುತ್ತಿದ್ದಾನಂತೆ, ಕೊಟ್ಟು ಬರುತ್ತೇನೆ.