ಅಣ್ಣನ ಹಲ್ಲು

ಮಾರ್ಚ್ 3, ಮಂಗಳವಾರ

ಎರಡು ಬೀಗದ ಕೈ ಮಾಡಿಕೊಟ್ಟು ಅಂಗಡಿ ಮುಚ್ಚಿದೆ. ಮತ್ತೆ ಹಲ್ಲಿನ ಡಾಕ್ಟರಮ್ಮನ ಹತ್ತಿರ. ಬಾಯಲ್ಲಿ ಒಂದೂ ಉಳಿದಿಲ್ಲ, ಇನ್ನು ಪೂರ್ತಿ ಸೆಟ್ಟೇ. ಕೆಳಗಿನ ವಸಡು ತೀರಾ ಸವೆದಿದೆಯಂತೆ.

"ಚಪ್ಪಟೆ ಹಲ್ಲು ಹಾಕಿದ್ರೆ ಅಷ್ಟು ಅಲ್ಲಾಡಲ್ಲ. ಏಣು ಇರೋದು ಹಾಕಿದ್ರೆ ಚೆನ್ನಾಗಿ ಅಗೀಬಹುದು. ಆದ್ರೆ ಮೇಲಿಂದು ಕೆಳಗಿಂದು ಸರಿಯಾಗಿ ಕೂರಬೇಕು."

ಹಲ್ಲು ಕೂರಿಸುವುದೇ ನನ್ನ ಕಸುಬು — ಬೀಗದ ಕೈಗೆ. ಏಣಿರುವುದೇ ಇರಲಿ ಎಂದೆ.

ಮುಂದಿನ ಹಲ್ಲಿನ ಆಕಾರ ನೋಡಲು ಹಳೆಯ ಫೋಟೋ ಬೇಕಂತೆ.

ಮಾರ್ಚ್ 5

ಸಿಕ್ಕಿದ್ದು ಒಂದೇ. ನಾನು, ಅಣ್ಣ, ಹೆಗಲ ಮೇಲೆ ಕೈ ಹಾಕಿಕೊಂಡು. ಆಮೇಲೆ ಅವನಿಗೆ ಮೂರೇ ದಿನದ ಜ್ವರ... ಇವಳ ಜೊತೆ ಮದುವೆಗೆ ಇನ್ನೊಂದು ತಿಂಗಳಿತ್ತು. ಮರುವರ್ಷ ಹಿರಿಯರು ಇವಳನ್ನು ನನಗೇ ತಂದರು. ಆ ಮಾತನ್ನು ನಾವಿಬ್ಬರೂ ಎತ್ತಿದ್ದಿಲ್ಲ.

ಫೋಟೋ ಕೊಟ್ಟು ಬಂದೆ.

ಮಾರ್ಚ್ 17

ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗಿಟ್ಟರು. ಕನ್ನಡಿ ನೋಡಿದೆ. ಮುಂದಿನೆರಡು ಅಗಲ, ಒಂದು ಇನ್ನೊಂದರ ಮೇಲೆ ಚೂರು ಹತ್ತಿದೆ. ನನ್ನವಲ್ಲ. ಫೋಟೋದಲ್ಲಿ ನಾನು ತುಟಿ ಬಿಗಿದುಕೊಂಡಿದ್ದೇನೆ, ನಗುತ್ತಿರುವವನು ಅಣ್ಣ. ಡಾಕ್ಟರಮ್ಮ ಅವನನ್ನೇ ನಾನೆಂದುಕೊಂಡಿದ್ದಾರೆ.

"ಬದಲಾಯಿಸೋದಿದ್ರೆ ಇವತ್ತೇ ಹೇಳ್ಬಿಡಿ. ಆಮೇಲೆ ಕಷ್ಟ."

ಚೆನ್ನಾಗಿ ಕಾಣುತ್ತಿದ್ದೆ... ಬಾಯಿ ಬಿಡಲಿಲ್ಲ.

ಮಾರ್ಚ್ 26, ಗುರುವಾರ

ಸೆಟ್ ಬಂತು. ಕಚ್ಚಿದರೆ ಟಕ್ ಎಂದು ಕೂರುತ್ತದೆ. ಮಧ್ಯಾಹ್ನ ಸೌತೆಕಾಯಿ ಕಚ್ಚಿ ತಿಂದೆ, ಎರಡು ವರ್ಷದ ಮೇಲೆ. ಬಡಿಸುತ್ತಿದ್ದ ಇವಳು ತಲೆಯೆತ್ತಿ ನೋಡಿದಳು. ಸೌಟಿನಲ್ಲಿದ್ದದ್ದು ತಟ್ಟೆಯಾಚೆ ಸುರಿಯಿತು.

"ಏನೇ?"

"ಏನಿಲ್ಲ ರೀ."

ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಮಾರ್ಚ್ 30

ಇವಳು ಹಾಡು ಗುನುಗುತ್ತಾಳೆ. ಎದುರು ಕೂತು ಮಾತಾಡಿಸುತ್ತಾಳೆ, ಕಣ್ಣೆಲ್ಲ ನನ್ನ ಬಾಯಿಯ ಮೇಲೆ. ಹಲ್ಲು ತೆಗೆದು ನೀರಿಗೆ ಹಾಕಿದರೆ ಮುಖ ತಿರುಗಿಸಿ ಎದ್ದು ಹೋಗುತ್ತಾಳೆ.

'ಸ', 'ಶ' ಅನ್ನುವಾಗ ಸಣ್ಣ ಸಿಳ್ಳೆ ಬರುತ್ತಿದೆ. ಅಣ್ಣನಿಗೂ ಬರುತ್ತಿತ್ತು.

ಏಪ್ರಿಲ್ 8, ಸಂಜೆ

"ಬೇರೆ ಮಾಡಿಸ್ಕೋತೀನಿ ಕಣೇ. ಇದು ನನ್ನದಲ್ಲ" ಎಂದೆ. ಡಾಕ್ಟರಮ್ಮ ನಾಳೆ ಬರಹೇಳಿದ್ದಾರೆ.

"ಅವರನ್ನ ಮತ್ತೆ ಕಳಿಸಿಬಿಡ್ತೀರಾ?"

ಅವರನ್ನ. ಇಷ್ಟು ವರ್ಷದಲ್ಲಿ ಮೊದಲ ಸಲ ಅಂದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ, ನನ್ನನ್ನಲ್ಲ, ಹಲ್ಲನ್ನು ಕೇಳುವಂತೆ ಕೇಳಿದಳು: "ಅವತ್ತು ಮೆಟ್ಟಿಲ ಹತ್ರ ನನ್ನ ಕೈಗೆ ಏನು ಕೊಟ್ರಿ?"

ನನಗೇನು ಗೊತ್ತು? ಹಾಗೆನ್ನಲೆಂದೇ ಬಾಯಿ ತೆರೆದೆ.

"ಶರ್ಟಿನ ಗುಂಡಿ. ಮದುವೆ ಆದ್ಮೇಲೆ ನೀನೇ ಹೊಲಿದುಕೊಡು ಅಂದಿದ್ದೆ."

ಸಿಳ್ಳೆ ಸಮೇತ ಬಂತು. ನಾನು ಆಡಿದ್ದಲ್ಲ. ಗುಂಡಿಯ ವಿಷಯ ನನಗೆ ಗೊತ್ತೇ ಇರಲಿಲ್ಲ.

ಇವಳು ಗೋಡೆ ಹಿಡಿದು ಕೂತಳು. "ಯಾರಿಗೂ ಹೇಳಿರ್ಲಿಲ್ಲ ನಾನು... ಯಾರಿಗೂ."

ಏಪ್ರಿಲ್ 9, ಬೆಳಿಗ್ಗೆ 9

ಡಾಕ್ಟರಮ್ಮನಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಇದೇ ಇರಲಿ ಎಂದೆ. "ಕಚ್ಚೋದಕ್ಕೆ ಸರಿಯಾಗಿದೆ ತಾನೇ?" ಎಂದು ಕೇಳಿದರು. ತುಂಬಾ ಸರಿಯಾಗಿದೆ.

ನಲವತ್ತೊಂದು ವರ್ಷದ ಸಂಸಾರದಲ್ಲಿ ಇವಳು ಹೀಗೆ ನಕ್ಕಿದ್ದನ್ನು ನೋಡಿರಲಿಲ್ಲ.

ಒಳಗಿನಿಂದ ಕರೆಯುತ್ತಿದ್ದಾಳೆ. ನನ್ನನ್ನಲ್ಲ. ಗೊತ್ತು. ಓಗೊಡಬಾರದು ಎಂದು ಕೂತಿದ್ದೇನೆ, ಆದರೆ ಬಾಯಿ ಆಗಲೇ —