ಪಾದರಸದ ಗಿಲೀಟು

ಭಾನುವಾರ, ಮಧ್ಯಾಹ್ನ

ಮುದ್ದು ಮಗಳೇ,

ಯಾವಾಗಲೂ ಬರೆಯುವಂತೆ "ಚಿನ್ನಾ" ಎಂದು ಶುರುಮಾಡಲು ಹೋಗಿ ಕೈ ತಡೆಯಿತು. ಯಾಕೆಂದು ಓದುತ್ತಾ ಹೋದರೆ ಗೊತ್ತಾಗುತ್ತದೆ. ಮೊದಲು ಮುಖ್ಯ ಮಾತು. ಮುಂದಿನ ತಿಂಗಳು ಕೆಲಸಕ್ಕೆ ಮರಳುವಾಗ ಪಾಪುವನ್ನು ನಮ್ಮ ಹತ್ತಿರ ಬಿಟ್ಟುಹೋಗುತ್ತೇನೆ ಎಂದಿದ್ದೆಯಲ್ಲ, ಬೇಡ. ಮಗುವನ್ನು ಈ ಮನೆಯ ಹೊಸ್ತಿಲಿಗೂ ತರಬೇಡ. ಮುನಿಸಿಕೊಳ್ಳಬೇಡ, ಮೊಮ್ಮಗಳನ್ನು ಎತ್ತಿಕೊಳ್ಳಲು ನನ್ನ ಜೀವ ಎಷ್ಟು ಹಾತೊರೆಯುತ್ತಿದೆ ಎಂದು ನಿನಗೇ ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ಅದಿರುವುದು ನಿನ್ನಪ್ಪ ಗಡಿಯಾರ ರಿಪೇರಿ ಮಾಡುವ ಕೋಣೆಯಲ್ಲಿ, ಅವರು ಅಲ್ಲಿಂದ ಕದಲುವುದಿಲ್ಲ.

ಮುಚ್ಚಿಹೋದ ಹೋಟೆಲಿನ ಹರಾಜಿನಲ್ಲಿ ಅವರು ತಂದ ಗಡಿಯಾರ ನೆನಪಿದೆಯೇ? ರೆಕ್ಕೆ ಇರುವ ಇಬ್ಬರು ಮಕ್ಕಳು ಡಯಲನ್ನು ಹೊತ್ತು ನಿಂತಿರುವ ಕಂಚಿನದು. ನಮ್ಮ ಮನೆಯಲ್ಲಿ ಗಡಿಯಾರಗಳಿಗೇನು ಬರವೇ? ಗೋಡೆ, ಕಪಾಟು, ಊಟದ ಮೇಜು ಎಲ್ಲ ಅವುಗಳದೇ. ಬಾಡಿಗೆಗೆ ಇರುವವಳು ನಾನೊಬ್ಬಳು. ಆದರೆ ಇದರಲ್ಲಿ ಒಂದು ಮಗುವಿನ ರೆಕ್ಕೆಯ ಗಿಲೀಟು, ಆ ಚಿನ್ನದ ಲೇಪ, ಹೋಗಿತ್ತು. ಕರೆಂಟಿನಲ್ಲಿ ಚಿನ್ನದ ನೀರು ಹಿಡಿಸಿಕೊಡುತ್ತೇನೆ ಎಂದ ಅಂಗಡಿಯವನಿಗೆ ಇವರು, "ಅದು ಬಣ್ಣ ಬಳಿದಂಗೆ ಕಣಯ್ಯಾ, ಅದರಲ್ಲಿ ಜೀವ ಇರಲ್ಲ" ಎಂದು ಬೈದು ಬಂದರು. ಹಳೆಯ ಕ್ರಮವೇ ಆಗಬೇಕಂತೆ. ಚಿನ್ನವನ್ನು ಪಾದರಸದಲ್ಲಿ ಕಲೆಸಿ ಬೆಣ್ಣೆಯ ಹಾಗೆ ಮಾಡಿ, ಕಂಚಿಗೆ ಸವರಿ, ಕೆಂಡದ ಮೇಲೆ ಹಿಡಿಯುವುದು. ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಆ ಹೊಗೆ ಹೋಗುವುದೆಲ್ಲಿಗೆ ಎಂದರೆ, ಕಿಟಕಿ ಇದೆಯಲ್ಲ ಎನ್ನುತ್ತಾರೆ. ಗಾಳಿಗೆ ಬೂದಿ ಹಾರಿ ಚಿನ್ನದ ಮೇಲೆ ಕೂರುತ್ತದೆಂದು ಆ ಕಿಟಕಿಯನ್ನೂ ಮುಚ್ಚಿಕೊಳ್ಳುತ್ತಾರೆ.

ಆ ಕಾಲದಲ್ಲಿ ಈ ಕೆಲಸ ಮಾಡಿದವರಲ್ಲಿ ನಲವತ್ತು ದಾಟಿದವರೇ ಅಪರೂಪವಂತೆ. ಕೈ ನಡುಗಿ, ಹಲ್ಲು ಉದುರಿ, ಬುದ್ಧಿ ಕೆಟ್ಟು ಸಾಯುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಬೇರೆ ಯಾರೂ ಅಲ್ಲ, ನಿನ್ನಪ್ಪನೇ. ಗಡಿಯಾರ ನೋಡಲು ಬಂದವರಿಗೆಲ್ಲ ನಗುನಗುತ್ತಾ ಹೇಳುತ್ತಿದ್ದರು. "ನಂಗೆ ಅರವತ್ತಾಯ್ತಲ್ಲ, ನಾನು ಆಗ್ಲೇ ಗೆದ್ದಿದೀನಿ" ಎನ್ನುತ್ತಿದ್ದರು.

ಈಗ ನಗು ನಿಂತಿದೆ. ಎಂದೂ ಗದರದ ಮನುಷ್ಯ, ಮೊನ್ನೆ ಹಾಲಿನವಳು ಗೇಟು ಹಾಕಲಿಲ್ಲವೆಂದು ಅವಳ ಮೇಲೆ ಲೋಟ ಎಸೆದರು. ಮಾರನೆಯ ದಿನ ಎಲ್ಲ ಮರೆತು, ಅವಳು ಯಾಕೆ ಬರಲಿಲ್ಲ ಎಂದು ನನ್ನನ್ನೇ ಕೇಳಿದರು. ಶರ್ಟಿನ ಗುಂಡಿ ಹಾಕಿಕೊಳ್ಳಲು ಬೆರಳು ನಿಲ್ಲುವುದಿಲ್ಲ. ಆ ಕೋಣೆಯ ಬಾಗಿಲಲ್ಲಿ ಮಲಗುತ್ತಿದ್ದ ಬೆಕ್ಕು ಗೋಡೆಗೆ ಒರಗಿಕೊಂಡು ನಡೆಯುತ್ತದೆ. ಅಪ್ಪನ ರಕ್ತಪರೀಕ್ಷೆಯ ಫಲಿತಾಂಶ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು, "ಮನೇಲಿ ಚಿಕ್ಕ ಮಕ್ಕಳು ಯಾರಾದ್ರೂ ಇದಾರಾ?" ಎಂದು ಕೇಳಿದರು. ಎಳೆಯ ಮಗುವಿಗೆ ಆ ಹೊಗೆ ತಾಗಿದರೆ ಮತ್ತೆ ಸರಿಹೋಗುವುದು ಕಷ್ಟವಂತೆ. ನನ್ನ ರಕ್ತವನ್ನೂ ನೋಡಿದ್ದಾರೆ, ಆ ಮಾತು ಈಗ ಬೇಡ.

ಮನೆಗೆ ಬಂದು ಕಡ್ಡಿ ಮುರಿದಂತೆ ಹೇಳಿದೆ: ಗಿಲೀಟಿನ ಕೆಲಸ ನಡೆಯುವ ಮನೆಗೆ ಮಗು ಬರುವುದಿಲ್ಲ. ಆಕಾಶ ಭೂಮಿ ಒಂದು ಮಾಡುತ್ತಾರೆಂದು ಕಾದೆ. "ಸರಿ ಬಿಡು, ಇಲ್ಲಿ ಮಾಡಲ್ಲ" ಎಂದರು, ಅಷ್ಟೇ. ಇವತ್ತು ಬೆಳಿಗ್ಗೆಯಿಂದ ಒಲೆಯ ಬೂದಿ ತೆಗೆದು, ಕೋಣೆ ಗುಡಿಸಿ, ಗಡಿಯಾರವನ್ನು ಹಳೆಯ ಹೊದಿಕೆಯಲ್ಲಿ ಸುತ್ತುತ್ತಿದ್ದಾರೆ. ಹಾಡು ಬೇರೆ ಗುನುಗುತ್ತಿದ್ದಾರೆ. ನನಗೂ ಖುಷಿಯಾಗಬೇಕಿತ್ತು. ಯಾಕೋ ನಂಬಿಕೆ ಬರುತ್ತಿಲ್ಲ.

ಪಾಪುವನ್ನು ನೋಡಿಕೊಳ್ಳಲು ನಿನ್ನ ಅತ್ತೆಯನ್ನು ಕೇಳು. ಅವರ ಮಾತು ಖಾರವಾದರೂ ಅವರ ಮನೆಯ ಗಾಳಿ ಚೆನ್ನಾಗಿದೆ.

ನಿನ್ನ ದಾರಿ ಕಾಯದಿರಲು ಕಲಿಯುತ್ತಿರುವ,
ಅಮ್ಮ

ತಾ.ಕ.: ಲಕೋಟೆ ಹುಡುಕಲು ಆ ಕೋಣೆಗೆ ಹೋಗಿದ್ದೆ. ಗಡಿಯಾರ ತುಂಬಿದ ಪೆಟ್ಟಿಗೆಯ ಮೇಲೆ ನಿನ್ನ ಮನೆಯ ವಿಳಾಸ ಬರೆದಿದ್ದಾರೆ. ಕೇಳಿದ್ದಕ್ಕೆ, "ಮಗು ಇಲ್ಲಿಗೆ ಬರ್ಬಾರ್ದು ಅಂದೆ, ನಾನೇ ಅಲ್ಲಿಗೆ ಹೋಗ್ತೀನಿ. ಅವಳ ಅಡುಗೆಮನೆ ಒಲೆ ಸಾಕು, ಪಾಪು ಕಣ್ಣೆದುರೇ ರೆಕ್ಕೆ ಹೊಳೆಯುತ್ತೆ" ಎಂದರು. ಶನಿವಾರದ ರೈಲಿಗೆ ಟಿಕೆಟ್ ಆಗಿದೆ. ಪಾದರಸದ ಸೀಸೆ ಒಡೆಯದಿರಲೆಂದು, ಪಾಪುವಿಗೆ ನಾನು ಹೆಣೆದ ಉಣ್ಣೆಯ ಟೋಪಿಯೊಳಗೆ ಅದನ್ನು ಇಟ್ಟಿದ್ದಾರೆ. ಕಸಿದುಕೊಳ್ಳಲು ಹೋದೆ, ಮಣಿಕಟ್ಟು ಹಿಡಿದು ನೂಕಿದರು. ಇಷ್ಟು ವರ್ಷದ ಸಂಸಾರದಲ್ಲಿ ಇದೇ ಮೊದಲು. ತಡೆಯಲು ಇನ್ನೂ ನೋಡುತ್ತೇನೆ. ನನ್ನಿಂದ ಆಗದೆ, ಅಪ್ಪ ಬಂದು ಕದ ತಟ್ಟಿದರೆ, ಎಷ್ಟು ಕರೆದರೂ ತೆಗೆಯಬೇಡ.